ಗಿಟಾರ್ ಕೆಳಗಿಟ್ಟವರು

ಹೋದ ಆಷಾಢದಲ್ಲಿ ಊರಿಗೆ ಬಂದಾಗ, ಕರೆಂಟು ಹೋದ ಒಂದು ಸಂಜೆ, ಶಿರಸಿಯ ನಮ್ಮ ಮನೆ ಜಗಲಿಯಲ್ಲಿ ರೇಡಿಯೋಹೆಡ್ ಎಂಬ ಇಂಗ್ಲಿಷ್ ರಾಕ್ ತಂಡದ 'ಕಿಡ್ ಎ' ಆಲ್ಬಮ್ ಹಾಕಿದ್ದೆ. ಅಮ್ಮ ಬತ್ತಿ ಹೊಸೆಯುತ್ತಿದ್ದಳು. "ಎಂತದ ತಮಾ ಇದು? ಹಾಡೋ, ಹಂಚಿನ ಮೇಲೆ ಬೀಳ ಮಳೆಯೋ?" ಅಂದಳು. ನಿಲ್ಲಿಸು ಅನ್ನಲಿಲ್ಲ. ನಾಲ್ಕನೆಯ ಹಾಡಿನಲ್ಲಿ ಪಿಟೀಲುಗಳೆಲ್ಲ ಒಟ್ಟಿಗೆ ಮೇಲೇಳುವ ಹೊತ್ತಿಗೆ ಅವಳ ಕೈ ತೊಡೆಯ ಮೇಲೆ ಹಾಗೇ ನಿಂತಿತ್ತು.

ನಾನಿರುವುದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ. ಆ ತಂಡದ ಐವರೂ ಹತ್ತಿರದ ಆಬಿಂಗ್ಡನ್ನಿನ ಒಂದೇ ಶಾಲೆಯಲ್ಲಿ ಓದಿದವರು. ಆ ಪಿಟೀಲುಗಳನ್ನು ಧ್ವನಿಮುದ್ರಿಸಿದ ಡಾರ್ಚೆಸ್ಟರ್‌ನ ಹಳೇ ಇಗರ್ಜಿಯೂ ದೂರವಿಲ್ಲ. 1997ರಲ್ಲಿ ಬಂದ ಗಿಟಾರ್ ತುಂಬಿದ ಆಲ್ಬಮ್ ಅವರಿಗೆ ಜಗತ್ತಿನಲ್ಲೆಲ್ಲ ದೊಡ್ಡ ಹೆಸರು ತಂದಿತು. ಅದೇ ದಾರಿಯಲ್ಲಿ ಇನ್ನೊಂದು ಮಾಡಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. 2000ದ ಅಕ್ಟೋಬರಿನಲ್ಲಿ ಬಂದದ್ದು 'ಕಿಡ್ ಎ'. ಮೊದಲ ಹಾಡಿನಲ್ಲಿ ಗಿಟಾರೇ ಇಲ್ಲ, ಬರೀ ಕೀಬೋರ್ಡು ಮತ್ತು ತುಂಡು ತುಂಡಾಗಿ ಕತ್ತರಿಸಿದ ದನಿ. ಮೂರನೆಯದರಲ್ಲಿ ಜಾಝ್ ತುತ್ತೂರಿಗಳ ಗದ್ದಲ, ಎಂಟನೆಯದರಲ್ಲಿ ಯಂತ್ರದ ತಾಳ. ಗಿಟಾರ್ ವಾದಕ ಜಾನಿ ಗ್ರೀನ್‌ವುಡ್ ಕೂತದ್ದು ಓಂದ್ ಮಾರ್ತೆನೋ ಎಂಬ ವಾದ್ಯದ ಮುಂದೆ. ಫ್ರೆಂಚನೊಬ್ಬ 1928ರಲ್ಲಿ ಲೋಕದ ಮುಂದಿಟ್ಟ ವಿದ್ಯುತ್ ವಾದ್ಯ ಅದು. ಬೆರಳಿಗೆ ಉಂಗುರ ಹಾಕಿ ತಂತಿಯುದ್ದಕ್ಕೂ ಜಾರಿಸಿದರೆ ಸ್ವರದಿಂದ ಸ್ವರಕ್ಕೆ ನಮ್ಮ ಮೀಂಡಿನ ಹಾಗೆಯೇ ಹರಿಯುತ್ತದೆ. ಉಳಿದವರಿಗೆ ಸ್ಟುಡಿಯೋದಲ್ಲಿ ಎಷ್ಟೋ ದಿನ ಕೆಲಸವೇ ಇರಲಿಲ್ಲ. ಬಿಡಿ ಹಾಡು ಒಂದನ್ನೂ ಮೊದಲೇ ಬಿಡುಗಡೆ ಮಾಡಲಿಲ್ಲ. ಬೈದ ವಿಮರ್ಶಕರೂ ಇದ್ದರು. ಆದರೂ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಅದು ಮಾರಾಟದ ಪಟ್ಟಿಯ ತುದಿಗೆ ಏರಿತು.

ನಾನು ಹೇಳಬೇಕೆಂದಿರುವುದು ಆ 'ಕೆಲಸವಿಲ್ಲದ' ದಿನಗಳ ಬಗ್ಗೆ.

ಕೆಲವು ವರ್ಷಗಳ ಹಿಂದೆ ಕಾರವಾರದ ಕಡಲತೀರದಲ್ಲಿ ಒಂದು 'ಫ್ಯೂಷನ್' ಕಾರ್ಯಕ್ರಮಕ್ಕೆ ಹೋಗಿದ್ದೆ. ಚಂಡೆ, ಡ್ರಮ್ಸ್, ಗಿಟಾರ್, ತಬಲಾ, ಎಲ್ಲರೂ ನುರಿತವರೇ. ಆದರೆ ಮೊದಲ ನಿಮಿಷದಿಂದ ಕೊನೆಯವರೆಗೆ ಎಲ್ಲರೂ ಬಾರಿಸಿದರು. ಚಂಡೆ ತನ್ನ ಪೆಟ್ಟು ಬಿಡಲಿಲ್ಲ, ಗಿಟಾರ್ ತನ್ನ ವರಸೆ ಬಿಡಲಿಲ್ಲ. ಆಯೋಜಕರು ಕೊಟ್ಟಿದ್ದು ಹದಿನೈದೇ ನಿಮಿಷ, ಅಷ್ಟರಲ್ಲಿ ಚಪ್ಪಾಳೆ ಬರಬೇಕು. ಒಂದೇ ಬಾಳೆ ಎಲೆಗೆ ಪಾಯಸ, ತಂಬುಳಿ, ಉಪ್ಪಿನಕಾಯಿ ಎಲ್ಲ ಒಟ್ಟಿಗೆ ಸುರಿದ ಹಾಗಾಯಿತು. ಬೆರೆಯಬೇಕಾದರೆ ಯಾರಾದರೂ ಏನಾದರೂ ಕೆಳಗಿಡಬೇಕು. ಆಬಿಂಗ್ಡನ್ನಿನ ಹುಡುಗರು ಕೆಳಗಿಟ್ಟದ್ದು ತಮಗೆ ಹೆಸರು ತಂದ ವಾದ್ಯವನ್ನೇ.

ಇದನ್ನು ಕಲಿಯಲು ನಾವು ಇಂಗ್ಲೆಂಡಿಗೆ ಹೋಗಬೇಕಿಲ್ಲ. ಚಿಕ್ಕವನಿದ್ದಾಗ ಹೊನ್ನಾವರದ ಕಡೆ ಅಪ್ಪನ ಜೊತೆ ಯಕ್ಷಗಾನದ ಆಟಕ್ಕೆ ಹೋಗುತ್ತಿದ್ದೆ. ನಿದ್ದೆಗಣ್ಣಿನಲ್ಲಿ ನಾನು ನೋಡುತ್ತಿದ್ದುದು ವೇಷವನ್ನಲ್ಲ, ಚಂಡೆಯವರನ್ನು. ದುಃಖದ ಪದ್ಯಕ್ಕೆ ಭಾಗವತರು ದನಿ ಇಳಿಸಿದರೆ ಜೊತೆಗೆ ಮದ್ದಳೆ ಮಾತ್ರ. ಚಂಡೆಯವರು ಕೋಲು ಮಡಿಲಲ್ಲಿಟ್ಟುಕೊಂಡು, ಭಾಗವತರ ಮುಖ ನೋಡುತ್ತ ಕೂತಿರುತ್ತಿದ್ದರು. ಅರ್ಧ ಗಂಟೆ ಹಾಗೇ. ವೀರರಸ ಬಂದು ಕೋಲು ಮೇಲೆದ್ದಾಗ ಎದೆ ಝಲ್ಲೆನ್ನುತ್ತಿದ್ದುದು ಆ ಅರ್ಧ ಗಂಟೆಯಿಂದಲೇ.

ಕೇಳುವ ರೀತಿಯಲ್ಲಿ ಮಾತ್ರ ನಮ್ಮೂರೇ ಮೇಲು. ಆಕ್ಸ್‌ಫರ್ಡ್‌ನಲ್ಲಿ ನನ್ನ ಸಹೋದ್ಯೋಗಿಗಳು ಇಡೀ ಆಲ್ಬಮ್ಮನ್ನು ಮೊದಲಿಂದ ಕೊನೆವರೆಗೆ ತಾಳ್ಮೆಯಿಂದ ಕೇಳುತ್ತಾರೆ, ಒಪ್ಪುತ್ತೇನೆ. ಆದರೆ ಒಬ್ಬೊಬ್ಬರೇ, ಹೆಡ್‌ಫೋನ್ ಹಾಕಿಕೊಂಡು. ನಮ್ಮಲ್ಲಿ ಆಟ ಮುಗಿದ ಬೆಳಿಗ್ಗೆ ಚಾದಂಗಡಿಯಲ್ಲಿ ಆ ಒಂದು ಪದ್ಯದ ರಾಗಕ್ಕಾಗಿ ಜಗಳವೇ ಆಗುತ್ತಿತ್ತು. ಈಗ ಆ ಪದ್ಯವೂ ವಾಟ್ಸಾಪಿನಲ್ಲಿ ಎರಡು ನಿಮಿಷದ ತುಣುಕಾಗಿ ಬರುತ್ತದೆ, ಅದರಲ್ಲಿ ಚಂಡೆ ಏಳುವ ಭಾಗ ಮಾತ್ರ ಇರುತ್ತದೆ. ನನಗೆ ನಿಜವಾಗಿ ನೋವಾಗುವುದು ಅಲ್ಲಿ.

ಅಣ್ಣನ ಮಗ ಮತ್ತು ಅವನ ಗೆಳೆಯರು ಶಿರಸಿಯಲ್ಲಿ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದಾರೆ. ಆ ಸಂಜೆ ಅವನೂ ಜಗಲಿಯಲ್ಲಿದ್ದ. ತಮ್ಮ ಹಾಡನ್ನು ಫೋನಿನಲ್ಲಿ ಕೇಳಿಸಿ, "ಎಂತ ಕಮ್ಮಿ ಇದ್ದು, ಚಿಕ್ಕಪ್ಪಾ?" ಅಂದ. ಕಮ್ಮಿ ಏನೂ ಇಲ್ಲ, ಜಾಸ್ತಿಯೇ ಇದೆ ಎಂದೆ. ಅವನ ಮುಖ ಸಣ್ಣದಾಯಿತು.

ಹೋದ ವಾರ ಹೊಸದಾಗಿ ಧ್ವನಿಮುದ್ರಿಸಿ ಕಳಿಸಿದ್ದಾನೆ. ಆರು ನಿಮಿಷದ ಹಾಡು, ಗಿಟಾರ್ ಪೂರ್ತಿ ತೆಗೆದಿದ್ದಾನೆ. ಚಂಡೆ ಬರುವುದು ಐದನೆಯ ನಿಮಿಷಕ್ಕೆ, ನಾಲ್ಕೇ ಪೆಟ್ಟು. ರಾತ್ರಿ ಊಟವಾದ ಮೇಲೆ ಮೂರು ಸಲ ಕೇಳಿ ಅವನಿಗೆ ಫೋನ್ ಮಾಡಿದೆ.