ಚಕ್ರದ ಕುರ್ಚಿ ಬೇಡ

ಹಳೆಯ ರಂಗಮಂದಿರದಲ್ಲಿ ಕಂಪನಿಯ ಕಾರ್ಯಕ್ರಮ ಇಟ್ಟುಕೊಳ್ಳೋಣ ಎನ್ನುವ ಯೋಚನೆ ಹುಟ್ಟುವುದೇ ಒಂದು ಫೋಟೋದಿಂದ. ಚಿನ್ನದ ಬಣ್ಣದ ಕುಸುರಿ, ಕೆಂಪು ಮಖಮಲ್ಲಿನ ಸೀಟು, ನೆತ್ತಿಯ ಮೇಲೊಂದು ಗಾಜಿನ ದೀಪಗೊಂಚಲು. ಎಚ್‌ಆರ್‌ನವರು ಅದನ್ನು ಗ್ರೂಪಿಗೆ ಹಾಕುತ್ತಾರೆ, ಎಂಡಿ ಸಾಹೇಬರು ಒಂದು ಹೆಬ್ಬೆರಳು ಒತ್ತುತ್ತಾರೆ, ಅಲ್ಲಿಗೆ ಜಾಗ ಗೊತ್ತಾಯಿತು. ಫೋಟೋದಲ್ಲಿ ಎಲ್ಲ ಇರುತ್ತದೆ. ಶೌಚಾಲಯ ಮಾತ್ರ ಇರುವುದಿಲ್ಲ. ಸಾಮಾನು ಒಳಗೆ ತರುವ ಬಾಗಿಲು, ಪ್ಲಗ್ ಪಾಯಿಂಟು ಯಾವುದೂ ಇರುವುದಿಲ್ಲ. ಸ್ಟೇಜು ಎಷ್ಟು ಓರೆಯಾಗಿದೆ ಎನ್ನುವುದಂತೂ ಯಾವ ಕ್ಯಾಮೆರಾಕ್ಕೂ ಕಾಣುವುದಿಲ್ಲ.

ಓರೆ ಎಂದರೆ ನಿಜವಾಗಿಯೂ ಓರೆ. ಕೆಳಗೆ ಕೂತವರಿಗೆ ಹಿಂದೆ ನಿಂತ ನಟರೂ ಕಾಣಲಿ, ಪರದೆಯ ಮೇಲೆ ಬರೆದ ಬೀದಿ ದೂರ ಸಾಗಿಹೋದಂತೆ ತೋರಲಿ ಎಂದು ಆಗಿನವರು ರಂಗದ ಹಿಂಭಾಗವನ್ನು ಎತ್ತರಿಸಿ ಕಟ್ಟುತ್ತಿದ್ದರು. ಹಿಂಭಾಗಕ್ಕೆ ಅಪ್‌ಸ್ಟೇಜ್, ಮುಂಭಾಗಕ್ಕೆ ಡೌನ್‌ಸ್ಟೇಜ್ ಎಂಬ ಹೆಸರು ಬಂದದ್ದು ಹೀಗೆ. 24 ಅಡಿಗೆ 1 ಅಡಿ ಏರುವುದು ಹಲವು ಕಡೆ ಕಾಣುವ ಲೆಕ್ಕ. ಕಾಲಿಗೆ ಅದು ಗೊತ್ತೇ ಆಗುವುದಿಲ್ಲ. ಚಕ್ರಕ್ಕೆ ಚೆನ್ನಾಗಿ ಗೊತ್ತಾಗುತ್ತದೆ.

ಸಂವಾದಗೋಷ್ಠಿಗೆಂದು ಆಫೀಸಿನಿಂದ ಐದು ಚಕ್ರದ ಕುರ್ಚಿಗಳನ್ನು ತಂದಿಟ್ಟಿರಿ ಎನ್ನಿ. ಐದೂ ಜನ ಎರಡೂ ಪಾದ ನೆಲಕ್ಕೂರಿ ಕೂತಿರುವವರೆಗೆ ಎಲ್ಲ ಕ್ಷೇಮ. ಹಣಕಾಸು ವಿಭಾಗದ ಮುಖ್ಯಸ್ಥರು ಗಂಭೀರವಾಗಿ ಗಂಟಲು ಸರಿಮಾಡಿಕೊಂಡು ಕಾಲ ಮೇಲೆ ಕಾಲು ಹಾಕುತ್ತಾರೆ. ಇದ್ದ ಎರಡು ಬ್ರೇಕಿನಲ್ಲಿ ಒಂದು ಹೋಯಿತು. ‘ನಾವು ನಿಧಾನವಾಗಿಯಾದರೂ ಮುಂದೆ ಸಾಗುತ್ತಿದ್ದೇವೆ’ ಎಂದು ಹೇಳಲು ಎರಡೂ ಕೈ ಚಾಚಿ ಇನ್ನೊಂದು ಪಾದದ ಹಿಡಿತವನ್ನೂ ಸಡಿಲಿಸುತ್ತಾರೆ. ಕುರ್ಚಿ ಅವರ ಮಾತನ್ನು ಅಕ್ಷರಶಃ ನಡೆಸಿಕೊಡುತ್ತದೆ. ಮುಂದೆ ಇರುವುದು ವಾದ್ಯವೃಂದ ಕೂರುವ ಗುಂಡಿ, ಆಳ ಆಳೆತ್ತರಕ್ಕಿಂತ ಹೆಚ್ಚು. ಆದ್ದರಿಂದ ನಾಲ್ಕು ಕಾಲಿನ, ತಳಕ್ಕೆ ರಬ್ಬರ್ ಇರುವ ಕುರ್ಚಿಗಳನ್ನೇ ತರಿಸಿ. ಮೇಜಿನ ಮುಂದಿನ ಕಾಲುಗಳ ಕೆಳಗೆ ಮರದ ಚಕ್ಕೆ ಕೊಟ್ಟು ಮಟ್ಟ ಮಾಡಿಸಿ, ಇಲ್ಲವಾದರೆ ಪೆನ್ನು, ನೀರಿನ ಬಾಟಲಿ, ರಿಮೋಟು ಒಂದರ ಹಿಂದೊಂದು ಸಭಿಕರ ಕಡೆ ಹೊರಡುತ್ತವೆ. ಗುಂಡಿ ಇದ್ದರೆ ಮುಚ್ಚಳ ಹಾಕಿಸಿ, ಆ ಮುಚ್ಚಳ ಎಷ್ಟು ಭಾರ ತಡೆಯುತ್ತದೆ ಎಂಬುದನ್ನು ಬರೆಸಿಕೊಳ್ಳಿ. ಪ್ರಶಸ್ತಿ ಪಡೆದ ನಲವತ್ತು ಜನರ ಗ್ರೂಪ್ ಫೋಟೋ ಅದರ ಮೇಲೆಯೇ ತೆಗೆಯುತ್ತಾರೆ, ಅನುಮಾನವೇ ಬೇಡ. ಜಾಗ ನೋಡಲು ಹೋದಾಗ ಜೇಬಿನಲ್ಲಿ ಒಂದು ಗೋಲಿ ಇಟ್ಟುಕೊಂಡು ಹೋಗಿ. ಸ್ಟೇಜಿನ ನಡುವೆ ಬಿಟ್ಟರೆ ಬ್ರೋಷರಿನಲ್ಲಿ ಇಲ್ಲದ್ದನ್ನೆಲ್ಲ ಅದು ಹೇಳುತ್ತದೆ.

ಸಾಲದ್ದಕ್ಕೆ, ಆ ವಾರ ಅಲ್ಲಿ ನಡೆಯುತ್ತಿರುವ ನಾಟಕದ ಸೆಟ್ಟು ಸ್ಟೇಜಿನ ಮೇಲೆಯೇ ಇರಬಹುದು. ಅದನ್ನು ತೆಗೆಯಲು ನಿಮ್ಮ ಬಾಡಿಗೆಯಲ್ಲಿ ಅವಕಾಶವಿದೆಯೇ ಎಂದು ಮೊದಲೇ ಕೇಳಿ. ಕೇಳದವರ ಎಂಡಿ ಮುಂದಿನ ಐದು ವರ್ಷದ ಗುರಿಯನ್ನು ಸ್ಮಶಾನದ ದೃಶ್ಯದ ಮುಂದೆ ನಿಂತು ಘೋಷಿಸಬೇಕಾಗುತ್ತದೆ.

ಇನ್ನು ಸ್ಲೈಡು ತೋರಿಸುವ ಪರದೆ. ಕುದುರೆ ಲಾಳದ ಆಕಾರದಲ್ಲಿ ಕಟ್ಟಿದ ಮಂದಿರಗಳಲ್ಲಿ ಪಕ್ಕದ ಬಾಕ್ಸುಗಳಿಂದ, ಅಂದರೆ ಗೋಡೆಗುಂಟ ಇರುವ ಗೂಡಿನಂಥ ಖಾಸಗಿ ಆಸನಗಳಿಂದ, ರಂಗ ಅರ್ಧ ಕಂಡರೆ ಹೆಚ್ಚು. ಎದುರಿನ ಬಾಕ್ಸು ಮಾತ್ರ ಪೂರ್ತಿ ಕಾಣುತ್ತದೆ. ಅಲ್ಲಿ ಕೂರುತ್ತಿದ್ದವರು ಬರುತ್ತಿದ್ದದ್ದು ನೋಡುವುದಕ್ಕಿಂತ ಹೆಚ್ಚಾಗಿ ನೋಡಿಸಿಕೊಳ್ಳುವುದಕ್ಕೆ. ನೀವು ಗೌರವದಿಂದ ಮುಖ್ಯ ಗ್ರಾಹಕರನ್ನು ಬಾಕ್ಸಿನಲ್ಲಿ ಕೂರಿಸಿದರೆ, ಅವರು ಎರಡು ತಾಸು ಎದುರು ಬಾಕ್ಸಿನಲ್ಲಿರುವ ನಿಮ್ಮ ಪ್ರತಿಸ್ಪರ್ಧಿಯ ಮುಖ ನೋಡುತ್ತ ಕೂರುತ್ತಾರೆ. ಬಾಲ್ಕನಿಯ ಕೆಳಗಿನ ಹಿಂದಿನ ಸಾಲಿನವರದು ಬೇರೆ ಕಷ್ಟ. ನೆತ್ತಿಯ ಮೇಲೆ ಬಾಲ್ಕನಿಯ ಅಂಚು ಅಡ್ಡ ಬಂದು ಪರದೆಯ ಮೇಲ್ಭಾಗ ಮಾಯವಾಗುತ್ತದೆ. ಮೇಲಿನ ಬಾಲ್ಕನಿಯವರಿಗೆ ರಂಗದ ಕಮಾನೇ ಅಡ್ಡ. ತಲೆಬರಹ ಕಾಣದೆ ಬರೀ ಅಂಕಿ ಕಂಡವರು ಅದು ಲಾಭವೋ ನಷ್ಟವೋ ಎಂದು ಪಕ್ಕದವರನ್ನು ಕೇಳುತ್ತಾರೆ. ಅತ್ಯಂತ ಕೆಟ್ಟ ಸೀಟು ಯಾವುದೋ ಹುಡುಕಿ, ಅಲ್ಲಿ ಕೂತು ಪರದೆಯ ಎತ್ತರ ನಿರ್ಧರಿಸಿ. ಸ್ಲೈಡಿನ ಮೇಲಿನ ಮತ್ತು ಕೆಳಗಿನ ಪಟ್ಟಿಯಲ್ಲಿ ಮುಖ್ಯವಾದದ್ದೇನನ್ನೂ ಬರೆಯಬೇಡಿ.

ಪ್ರೊಜೆಕ್ಟರಿನ ಗಣಿತ ಐದನೇ ಕ್ಲಾಸಿನದು, ಆದರೂ ಅದನ್ನು ಮಾಡುವವರು ಕಡಿಮೆ. 6 ಮೀಟರ್ ಅಗಲದ ಪರದೆಗೆ 1.5 ಅನುಪಾತದ, ಅಂದರೆ ಅಗಲದ ಒಂದೂವರೆ ಪಟ್ಟು ದೂರ ಬೇಡುವ, ಸಾಮಾನ್ಯ ಲೆನ್ಸ್ ಹಾಕಿದರೆ ಪ್ರೊಜೆಕ್ಟರು 9 ಮೀಟರ್ ದೂರದಲ್ಲಿರಬೇಕು. ರಂಗಮಂದಿರದಲ್ಲಿ ಆ ಜಾಗ ಎಂದರೆ ನಾಲ್ಕನೆಯದೋ ಐದನೆಯದೋ ಸಾಲಿನ ಮೇಲಿನ ಖಾಲಿ ಆಕಾಶ. ಹಿಂದಿನ ಕೊಠಡಿ 30 ಮೀಟರ್ ದೂರವಿದ್ದರೆ 5ರ ಅನುಪಾತದ ಲೆನ್ಸ್ ಬೇಕು. ಮೊದಲ ಬಾಲ್ಕನಿಯ ಮುಂಗಟ್ಟು 16 ಮೀಟರ್ ಇದ್ದರೆ ಸುಮಾರು 2.7. ಬಾಡಿಗೆಯವರಿಗೆ ಫೋನ್ ಮಾಡುವಾಗ ಪ್ರೊಜೆಕ್ಟರ್ ಬೇಕು ಎನ್ನಬೇಡಿ, ದೂರ ಹೇಳಿ ಲೆನ್ಸ್ ಕೇಳಿ. ತೀರಾ ಮೇಲಿನಿಂದ ಬಿಟ್ಟರೆ ಚಿತ್ರ ಕೆಳಗೆ ಅಗಲವಾಗಿ ಲಂಗ ತೊಟ್ಟಂತೆ ಕಾಣುತ್ತದೆ, ಎಂಡಿಯವರ ಭಾವಚಿತ್ರಕ್ಕೂ ಆ ಲಂಗ ತಪ್ಪುವುದಿಲ್ಲ.

ಹಾಗಾದರೆ ಎಲ್‌ಇಡಿ ವಾಲ್ ಹಾಕಿಬಿಡೋಣ ಎನ್ನುತ್ತಾರೆ ಜಾಣರು. ಅಷ್ಟೇ ಅಗಲಕ್ಕೆ ಸುಮಾರು 20 ಚದರ ಮೀಟರು, ಚದರಕ್ಕೆ 30 ಕಿಲೋ ಹಿಡಿದರೂ 600 ಕಿಲೋ. ಬಣ್ಣ ಬಳಿದ ಬಟ್ಟೆಯ ಪರದೆಗಳನ್ನು ಎತ್ತಲೆಂದು ಕಟ್ಟಿದ ಮರದ ಅಟ್ಟಕ್ಕೆ ಇದನ್ನು ನೇತುಹಾಕುತ್ತೇನೆ ಎಂದರೆ ಅಲ್ಲಿನ ಟೆಕ್ನಿಷಿಯನ್ ನಗುತ್ತಾನೆ, ಆ ನಗು ಒಳ್ಳೆಯದಲ್ಲ. ಸರಿ, ನೆಲದ ಮೇಲೇ ನಿಲ್ಲಿಸೋಣ ಎಂದಿರೋ, ಓರೆ ಮತ್ತೆ ಹಾಜರ್. 24ಕ್ಕೆ 1ರ ಇಳಿಜಾರಿನಲ್ಲಿ 3.4 ಮೀಟರ್ ಎತ್ತರದ ಗೋಡೆಯ ನೆತ್ತಿ 14 ಸೆಂಟಿಮೀಟರ್ ಸಭಿಕರ ಕಡೆ ವಾಲುತ್ತದೆ. ತಳಕ್ಕೆ ಮಟ್ಟದ ಕಟ್ಟೆ, ಬೆನ್ನಿಗೆ ಭಾರ, ಎರಡೂ ಇಲ್ಲದೆ ನಿಲ್ಲಿಸಬಾರದು.

ಅದು ಒಳಗೆ ಬರುವುದೂ ಸುಲಭವಲ್ಲ. ಹಳೆಯ ರಂಗಮಂದಿರಗಳ ಸಾಮಾನಿನ ಬಾಗಿಲು ಹಲವು ಕಡೆ ಎತ್ತರಕ್ಕೆ ಭರ್ಜರಿ, ಅಗಲಕ್ಕೆ ಜಿಪುಣ. ಚಪ್ಪಟೆ ಸೀನರಿಯನ್ನು ನಿಲ್ಲಿಸಿಕೊಂಡೇ ಒಳಗೊಯ್ಯಲು ಮಾಡಿದ್ದದು. ಜಿರಾಫೆ ಬರುತ್ತದೆ, ಆನೆ ಬರುವುದಿಲ್ಲ. ಬಾಗಿಲಿನ ಅಗಲ ಅಳೆದು ಖುಷಿಪಟ್ಟು ವಾಪಸು ಬರಬೇಡಿ. ಒಳಗಿನ ತಿರುವನ್ನೂ ಅಳೆಯಿರಿ, ಪೆಟ್ಟಿಗೆ ಸಿಕ್ಕಿಕೊಳ್ಳುವುದು ಅಲ್ಲೇ. ಲಾರಿ ಎಲ್ಲಿ ನಿಲ್ಲುತ್ತದೆ, ಎಷ್ಟು ಮೆಟ್ಟಿಲು, ಲಿಫ್ಟಿನ ಭಾರದ ಮಿತಿ ಎಷ್ಟು, ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ ರಾತ್ರಿ ಹನ್ನೊಂದಕ್ಕೆ ಬೀದಿಯಲ್ಲಿ ನಿಂತು ಪೆಟ್ಟಿಗೆ ಬಿಚ್ಚುವುದು ತಪ್ಪುತ್ತದೆ.

ವಿದ್ಯುತ್ತಿನ ಕಥೆಗೆ ಒಳ್ಳೆಯ ಪೂರ್ವಜರಿದ್ದಾರೆ. ಲಂಡನ್ನಿನ ಸವಾಯ್ ಥಿಯೇಟರ್ 1881ರ ಅಕ್ಟೋಬರ್ 10ರಂದು ವಿದ್ಯುದ್ದೀಪದ ಹೆಮ್ಮೆಯೊಂದಿಗೆ ತೆರೆಯಿತು. ಆದರೆ ಜನರೇಟರು ಸಾಲಲಿಲ್ಲ. ಸಭಾಂಗಣಕ್ಕೆ ಬಲ್ಬು, ರಂಗಕ್ಕೆ ಮಾತ್ರ ಹಳೆಯ ಗ್ಯಾಸ್ ದೀಪ. ರಂಗಕ್ಕೂ ವಿದ್ಯುತ್ ಬಂದದ್ದು ಡಿಸೆಂಬರ್ 28ಕ್ಕೆ. ಆ ದಿನ ಮಾಲೀಕ ರಿಚರ್ಡ್ ಡಾಯ್ಲಿ ಕಾರ್ಟ್ ರಂಗದ ಮೇಲೆ ಉರಿಯುವ ಬಲ್ಬೊಂದನ್ನು ಒಡೆದು, ನೋಡಿ, ಬೆಂಕಿಯ ಭಯವಿಲ್ಲ ಎಂದು ತೋರಿಸಿದ. ಹೊಸ ವಸ್ತುವಿನ ಬಿಡುಗಡೆ ಸಮಾರಂಭ ಎಂದರೆ ಇದೇ ಅಲ್ಲವೇ? ಕರೆಂಟು ಸಾಲದೆ ಡೆಮೊ ಮುಂದೂಡುವ ಸಂಪ್ರದಾಯವೂ ಅಷ್ಟೇ ಹಳೆಯದು ಎಂದಾಯಿತು.

ಈಗಿನ ಖಳನಾಯಕ ನೀರು ಕಾಯಿಸುವ ಬಾಯ್ಲರು. ಒಂದೊಂದು 3 ಕಿಲೋವ್ಯಾಟ್, 230 ವೋಲ್ಟಿನಲ್ಲಿ 13 ಆಂಪಿಯರು. ಮೊಗಸಾಲೆಯ ಪ್ಲಗ್ಗುಗಳೆಲ್ಲ ಒಂದೇ 32 ಆಂಪಿಯರಿನ ಬ್ರೇಕರಿನ ಮೇಲಿದ್ದು, ಕಾಫಿಯವರು ನಾಲ್ಕು ಬಾಯ್ಲರು ಹಚ್ಚಿದರೆ 52 ಆಂಪಿಯರ್ ಎಳೆಯುತ್ತದೆ. ತಮಾಷೆಯೆಂದರೆ ಬ್ರೇಕರು ಕೂಡಲೇ ಬೀಳುವುದಿಲ್ಲ. ಒಳಗೆ ಬಿಸಿಯೇರಬೇಕು, ಅದಕ್ಕೆ ಕೆಲವು ನಿಮಿಷ ಹಿಡಿಯಬಹುದು. ಎಲ್ಲ ಸರಿಯಿದೆ ಎಂದು ಮೇಲ್ವಿಚಾರಕರು ನಂಬಿ ಅತ್ತ ತಿರುಗಿದ ಮೇಲೆ ಬೀಳುತ್ತದೆ, ಅದೇ ಸಾಲಿನಲ್ಲಿದ್ದ ನೋಂದಣಿ ಕೌಂಟರಿನ ಪ್ರಿಂಟರನ್ನೂ ಕರೆದುಕೊಂಡು ಬೀಳುತ್ತದೆ. ಬಾಯ್ಲರು ಯಾವ ಫೇಸಿನಲ್ಲಿ, ಧ್ವನಿವರ್ಧಕ ಯಾವ ಫೇಸಿನಲ್ಲಿ ಎಂದು ಮೊದಲೇ ಹಂಚಿ. ದೀಪದ ಡಿಮ್ಮರುಗಳ ಸಾಲಿನಿಂದ ಧ್ವನಿಯನ್ನು ದೂರವಿಡಿ, ಇಲ್ಲವಾದರೆ ಮಂದ ಬೆಳಕಿನ ಭಾವುಕ ಕ್ಷಣದಲ್ಲಿ ಸ್ಪೀಕರಿನೊಳಗೆ ದುಂಬಿ ಹಾಡುತ್ತದೆ.

ಧ್ವನಿಯ ವಿಷಯದಲ್ಲಿ ಎರಡೇ ಮಾತು. ರಿಹರ್ಸಲ್ ದಿನ ಖಾಲಿ ಮಂದಿರ ಗುಂಯ್‌ಗುಡುತ್ತದೆ. ಜನ ತುಂಬಿದರೆ ಅವರ ಮೈ, ಬಟ್ಟೆ ಶಬ್ದ ಹೀರುತ್ತವೆ, ಅದಕ್ಕೇ ಆ ದಿನದ ಹೊಂದಾಣಿಕೆಯೇ ಕೊನೆಯದು ಎಂದುಕೊಳ್ಳಬಾರದು. ಇನ್ನೊಂದು, ಬಾಲ್ಕನಿಯ ಕೆಳಗಿನ ಸಣ್ಣ ಸ್ಪೀಕರುಗಳಿಗೆ ವಿಳಂಬ ಕೊಡಲೇಬೇಕು. ಮುಖ್ಯ ಸ್ಪೀಕರಿನಿಂದ 17 ಮೀಟರ್ ದೂರಕ್ಕೆ ಶಬ್ದ ಬರಲು ಸುಮಾರು 50 ಮಿಲಿಸೆಕೆಂಡು ಬೇಕು, ಅದರ ಮೇಲೆ ಇನ್ನೊಂದು 10 ಸೇರಿಸಿದರೆ ಮಾತು ರಂಗದಿಂದಲೇ ಬಂತು ಎಂದು ಕಿವಿ ನಂಬುತ್ತದೆ. ವಿಳಂಬವನ್ನೇ ಕೊಡದಿದ್ದರೆ ಹಿಂದಿನ ಸಾಲಿನವರಿಗೆ ಸಂಬಳ ಏರಿಕೆಯ ಘೋಷಣೆ ಎರಡೆರಡು ಸಲ ಕೇಳಿ, ಇಲ್ಲದ ಆಸೆ ಹುಟ್ಟುತ್ತದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿ ಎಂದರೆ ಆ ಟೆಕ್ನಿಷಿಯನ್. ಬುಕಿಂಗ್ ಆಫೀಸಿನವರು ‘ಆಗುತ್ತೆ ಸಾರ್, ಎಲ್ಲ ಆಗುತ್ತೆ’ ಎನ್ನುತ್ತಾರೆ. ಆಗುತ್ತದೆಯೋ ಇಲ್ಲವೋ ಗೊತ್ತಿರುವುದು ಹಗ್ಗ ಎಳೆಯುವವನಿಗೆ. ಮುಂಗಡ ಕೊಡುವ ಮೊದಲು ಅವನೊಡನೆ ಅರ್ಧ ತಾಸು ಕಳೆಯಿರಿ. ಉದಾಹರಣೆಗೆ ಕಂಪನಿಯ 80 ಕಿಲೋ ಲೋಗೋ. ಮೇಲೆತ್ತುವ ಕೊಳವೆಗೆ ಅದನ್ನು ಕಟ್ಟಿದ ಮೇಲೆಯೇ ಹಗ್ಗದ ಇನ್ನೊಂದು ತುದಿಗೆ ಸರಿತೂಕದ ಕಬ್ಬಿಣ ಏರಿಸಬೇಕು. ಬಿಚ್ಚುವಾಗ ಮೊದಲು ಕಬ್ಬಿಣ, ಆಮೇಲೆ ಲೋಗೋ. ಮನೆಗೆ ಹೋಗುವ ಅವಸರದಲ್ಲಿ ಯಾರಾದರೂ ಲೋಗೋವನ್ನು ಮೊದಲು ಬಿಚ್ಚಿದರೆ, ಅತ್ತ 80 ಕಿಲೋ ಕಬ್ಬಿಣ ಧೊಪ್ಪನೆ ಇಳಿದು ಇತ್ತ ಬರಿಯ ಕೊಳವೆ ರಾಕೆಟ್ಟಿನಂತೆ ಛಾವಣಿಗೆ ಹಾರುತ್ತದೆ. ಕೊಳವೆ ಹಿಡಿದುಕೊಂಡ ಉತ್ಸಾಹಿಯೂ ಹಾರಬಹುದು. ಹೊರಗಿನವರು ಆ ಹಗ್ಗ ಮುಟ್ಟಲೇಬಾರದು. ಸ್ಟೇಜಿನ ಮೇಲೆ ಸಿಳ್ಳೆ ಹಾಕಿದರೆ ಅವನು ಗದರಿದರೂ ಬೇಜಾರಾಗಬೇಡಿ. ಹಿಂದೆ ಸಿಳ್ಳೆಯ ಸನ್ನೆಗೆ ಮೇಲಿನಿಂದ ಪರದೆ ಇಳಿಸುತ್ತಿದ್ದರಂತೆ, ತಪ್ಪು ಸಿಳ್ಳೆ ಹಾಕಿದವನ ತಲೆಯ ಮೇಲೇ ಇಳಿಯುತ್ತಿತ್ತಂತೆ.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಬೇಡ. 1903ರ ಡಿಸೆಂಬರ್ 30ರಂದು ಶಿಕಾಗೋದ ಇರೋಕ್ವಾ ಥಿಯೇಟರಿಗೆ ಬೆಂಕಿ ಬಿದ್ದು 600ಕ್ಕೂ ಹೆಚ್ಚು ಜನ ಸತ್ತರು. ಬೆಂಕಿಯೇ ತಾಗದ ಕಟ್ಟಡ ಎಂದು ಅದರ ಜಾಹೀರಾತು. ಹೊರಹೋಗುವ ಬಾಗಿಲುಗಳಲ್ಲಿ ಕೆಲವಕ್ಕೆ ಬೀಗ, ಕೆಲವು ಅಲಂಕಾರದ ಬಟ್ಟೆಯ ಹಿಂದೆ. ಬೆಂಕಿ ತಡೆಯಬೇಕಿದ್ದ ಪರದೆ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಈಗ ಹೇಳಿ, ‘ಇಲ್ಲಿ ಖಾಲಿ ಕಾಣುತ್ತೆ, ಒಂದು ಬ್ಯಾನರ್ ಹಾಕಿ’ ಎಂದು ಬ್ರ್ಯಾಂಡಿಂಗ್‌ನವರು ತೋರಿಸುವ ಗೋಡೆಯಲ್ಲಿ ಏನಿರುತ್ತದೆ? ಬಹಳ ಸಲ ಬಾಗಿಲೇ ಇರುತ್ತದೆ. ಸುರಕ್ಷಾ ಪರದೆ ಇಳಿಯುವ ಗೆರೆ ಸ್ಟೇಜಿನಲ್ಲಿ ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಸೋಫಾ, ಪೋಡಿಯಂ, ಹೂಕುಂಡ ಏನನ್ನೂ ಇಡಬೇಡಿ. ಹೊಗೆ ಯಂತ್ರಕ್ಕೆ ಮುಂಚಿತವಾಗಿ ಲಿಖಿತ ಒಪ್ಪಿಗೆ ಬೇಕು, ಇಲ್ಲವೇ ಎಂಡಿ ಪ್ರವೇಶಕ್ಕೆ ಅಗ್ನಿಶಾಮಕ ದಳವೂ ಪ್ರವೇಶ ಮಾಡುತ್ತದೆ. ಎಲ್ಲರೂ ಎದ್ದು ಒಟ್ಟಿಗೆ ಕುಣಿಯಿರಿ ಎನ್ನುವ ನಿರೂಪಕರಿಗೆ ಬಾಲ್ಕನಿಯವರನ್ನು ಬಿಟ್ಟು ಹೇಳಲು ತಿಳಿಸಿ. ಒಬ್ಬೊಬ್ಬರು ಕುಣಿದರೆ ಬರೀ ಭಾರ, ಇನ್ನೂರು ಜನ ಒಂದೇ ತಾಳಕ್ಕೆ ಕುಣಿದರೆ ಹಳೆಯ ಬಾಲ್ಕನಿಯೂ ತಾಳ ಹಾಕುತ್ತದೆ. ಹಳೆಯ ಗಾರೆಗೆ ಮೊಳೆ ಬೇಡ, ಚಿನ್ನದ ಕುಸುರಿಗೆ ಅಂಟುಪಟ್ಟಿ ಬೇಡ. ಬಿಚ್ಚುವಾಗ ನೂರು ವರ್ಷದ ಚಿನ್ನ ನಿಮ್ಮ ಟೇಪಿನ ಜೊತೆ ಬರುತ್ತದೆ, ಬಿಲ್ಲು ಆಮೇಲೆ ಬರುತ್ತದೆ.

ವಿರಾಮಕ್ಕೆ ಬರೋಣ. 600 ಜನರಲ್ಲಿ ಅರ್ಧದಷ್ಟು ಜನ ಎದ್ದು ಹೋದರೂ 300. ಶೌಚಾಲಯ 12 ಇದ್ದರೆ ಒಂದಕ್ಕೆ 25 ಜನ, ತಲೆಗೆ ಒಂದೂವರೆ ನಿಮಿಷ, ಒಟ್ಟು ಮೂವತ್ತೇಳೂವರೆ ನಿಮಿಷ. ಕಾರ್ಯಕ್ರಮ ಪಟ್ಟಿಯಲ್ಲಿ ‘ಚಹಾ ವಿರಾಮ: 15 ನಿಮಿಷ’ ಎಂದು ಅಚ್ಚಾಗಿರುತ್ತದೆ. ಹೆಂಗಸರ ಕಡೆ ಸಾಲು ಇನ್ನೂ ಉದ್ದ, ಏಕೆಂದರೆ ಕಟ್ಟಿದವರು ಅವರ ಬಗ್ಗೆ ಯೋಚಿಸಿದ್ದೇ ಕಡಿಮೆ. ಬಹಳಷ್ಟು ಕಡೆ ಸಭಾಂಗಣದೊಳಗೆ ಕಾಫಿ ಕಪ್ಪು ತರುವಂತಿಲ್ಲ, ಮೊಗಸಾಲೆಯಲ್ಲಿ 600 ಜನ ನಿಲ್ಲುವಂತಿಲ್ಲ. ಒಂದೇ ವಿರಾಮ ಇಟ್ಟು, ಮುಕ್ಕಾಲು ಗಂಟೆ ಕೊಟ್ಟು, ಕೆಳಗಿನವರನ್ನೂ ಬಾಲ್ಕನಿಯವರನ್ನೂ ಬೇರೆ ಬೇರೆ ಹೊತ್ತಿಗೆ ಬಿಡುವುದು ಲೇಸು.

ಬೇರೆ ಬೇರೆ ಬಿಡುವುದಕ್ಕೆ ಕಟ್ಟಡವೂ ಸಹಕರಿಸುತ್ತದೆ. ಕೆಲವು ಹಳೆಯ ಮಂದಿರಗಳಲ್ಲಿ ಅಗ್ಗದ ಟಿಕೆಟ್ಟಿನವರು ಸಿರಿವಂತರಿಗೆ ಎದುರಾಗದಿರಲೆಂದು ಮೇಲಿನ ಗ್ಯಾಲರಿಗೆ ಪಕ್ಕದ ಓಣಿಯಿಂದ ಪ್ರತ್ಯೇಕ ಬಾಗಿಲು, ಪ್ರತ್ಯೇಕ ಮೆಟ್ಟಿಲು. ಕಾರ್ಯಕ್ರಮದ ಘೋಷವಾಕ್ಯ ‘ನಾವೆಲ್ಲ ಒಂದೇ ಕುಟುಂಬ’. ಮ್ಯಾನೇಜರುಗಳು ಅಮೃತಶಿಲೆಯ ಮೆಟ್ಟಿಲೇರಿ ಒಳಗೆ ಬಂದರೆ, ಹೊಸದಾಗಿ ಸೇರಿದವರು ಓಣಿಯ ಬಾಗಿಲಿನಿಂದ ತೊಂಬತ್ತು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಆ ಸಾಲನ್ನು ಮೇಲಿನಿಂದ ಓದುತ್ತಾರೆ. ಜನ ಕಡಿಮೆಯಿದ್ದರೆ ಗ್ಯಾಲರಿಯನ್ನು ಮುಚ್ಚಿಯೇ ಬಿಡಿ. ಜಾಸ್ತಿಯಿದ್ದರೆ ಈ ಮಂದಿರವನ್ನೇ ಬಿಡಿ.

ಎಲ್ಲ ಮುಗಿದು ಸಾಮಾನು ಲಾರಿಗೆ ಏರಿದ ಮೇಲೆ ಟೆಕ್ನಿಷಿಯನ್ ಖಾಲಿ ಸ್ಟೇಜಿನ ನಡುವೆ ಒಂದು ಕಂಬದ ಮೇಲೆ ಬರಿ ಬಲ್ಬು ಹಚ್ಚಿಟ್ಟು ಹೋಗುತ್ತಾನೆ. ಅದಕ್ಕೆ ದೆವ್ವದ ದೀಪ ಎಂದೇ ಹೆಸರು. ದೆವ್ವಗಳಿಗೆ ಎನ್ನುವವರೂ ಉಂಟು, ನಿಜವಾಗಿ ಅದು ಬೆಳಿಗ್ಗೆ ಮೊದಲು ಬರುವವರು ಗುಂಡಿಗೆ ಬೀಳದಿರಲೆಂದು. ಆ ಹೊತ್ತಿಗೆ ನಿಮ್ಮ ತಂಡದ ಒಬ್ಬರ ಫೋನಿನ ಚಾರ್ಜು ಖಂಡಿತ ಮುಗಿದಿರುತ್ತದೆ, ಸುತ್ತ ಕಾಣುವ ಏಕೈಕ ಪ್ಲಗ್ಗು ಆ ದೀಪದ್ದಾಗಿರುತ್ತದೆ. ಕೀಳುವ ಮೊದಲು ಗುಂಡಿಯ ಮುಚ್ಚಳ ಇನ್ನೂ ಇದೆಯೇ, ಅದೂ ಲಾರಿ ಹತ್ತಿತೇ ಎಂದು ನೋಡಿಕೊಳ್ಳಲು ಹೇಳಿ.