ಲೆಕ್ಕ ಚುಕ್ತಾ ಆದ್ಮೇಲೆ ಮತ್ತೆಂತ?

ಬೆಳಗ್ಗೆ ಮೊಬೈಲ್ ಟಿಣ್ ಅಂದಿತು. 340 ರೂಪಾಯಿ ಜಮಾ. ಕಳಿಸಿದವರು ಪಕ್ಕದ ಫ್ಲ್ಯಾಟಿನವರು. ಕೆಳಗೆ ಒಂದು ಸಾಲು: ಪೆಟ್ರೋಲ್ ಮತ್ತು ಪಾರ್ಕಿಂಗ್. ಜೊತೆಗೆ ಕೈಮುಗಿದ ಚಿತ್ರ.

ಹಿಂದಿನ ರಾತ್ರಿ ಅವರ ತಾಯಿಗೆ ಉಸಿರಾಟದ ತೊಂದರೆಯಾಗಿತ್ತು. ಅವರ ಕಾರು ಗ್ಯಾರೇಜಿನಲ್ಲಿತ್ತು. ನಾನು ಉಟ್ಟ ಲುಂಗಿಯಲ್ಲೇ ಇಳಿದು ಕಾರು ತೆಗೆದೆ. ಬೆಳಗಿನ ಜಾವದವರೆಗೂ ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಕೂತಿದ್ದೆವು. ಆಜಿ ಈಗ ಆರಾಮಾಗಿದ್ದಾರೆ. ಆದರೆ ಆ 340 ರೂಪಾಯಿ ನೋಡಿದಾಗ ಕೆನ್ನೆಗೆ ಬಾರಿಸಿದ ಹಾಗಾಯಿತು. ಪಾರ್ಕಿಂಗಿನ 40 ರೂಪಾಯಿಯನ್ನೂ ಬಿಟ್ಟಿರಲಿಲ್ಲ. ಆ ಗಡಿಬಿಡಿಯಲ್ಲಿ ಚೀಟಿಯನ್ನು ಯಾವಾಗ ನೋಡಿಟ್ಟುಕೊಂಡರೋ!

ಹೆಂಡತಿ ನಕ್ಕಳು. "ಕೊಡದಿದ್ರೂ ಬೈತಿದ್ರಿ, ಕೊಟ್ರೂ ಬೈತೀರಿ" ಅಂದಳು. ಕೊಡದಿದ್ದರೆ ನನಗೆ ಅದರ ನೆನಪೂ ಆಗುತ್ತಿರಲಿಲ್ಲ ಅಂತ ಅವಳಿಗೆ ಹೇಗೆ ಹೇಳಲಿ?

ಪುಣೆಗೆ ಬಂದು ವರ್ಷಗಳಾದವು. ಇಲ್ಲಿಯ ಜನ ಕೆಟ್ಟವರಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿ ಮಲಗುವ ಊರು ಅಂತ ಎಲ್ಲರೂ ತಮಾಷೆ ಮಾಡುತ್ತಾರೆ. ಗೇಟಿನ ಮೇಲೆ ಬರುವವರಿಗೆ ಚುಚ್ಚುವ ಥರ ಬೋರ್ಡು ಬರೆದು ಹಾಕುತ್ತಾರೆ, ಅವಕ್ಕೆ ಪುಣೇರಿ ಪಾಟಿ ಅಂತಲೇ ಹೆಸರು. ಅವು ನನಗೆ ಇಷ್ಟ. ಆದರೆ ಇಲ್ಲಿಯ ಟಿಟಿಎಂಎಂ ಮಾತ್ರ ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ. ತುಝಂ ತೂ, ಮಾಝಂ ಮೀ. ನಿಂದು ನಿಂಗೆ, ನಂದು ನಂಗೆ. ಕಾಲೇಜು ಹುಡುಗರ ಕಟ್ಟೆಯ ಮಾತು ಅಂದುಕೊಂಡಿದ್ದೆ. ತಲೆ ನೆರೆತವರೂ ಮಿಸಳ್ ತಿಂದೆದ್ದು, ಮೊಬೈಲ್ ತೆಗೆದು ಭಾಗಾಕಾರ ಮಾಡುತ್ತಾರೆ. ಒಂದು ಪಾವ್ ಜಾಸ್ತಿ ತಿಂದವನು ಅದರ ದುಡ್ಡನ್ನು ತಾನೇ ಹೇಳಿ ಸೇರಿಸುತ್ತಾನೆ. ಯಾರ ಮುಖವೂ ಸಣ್ಣದಾಗುವುದಿಲ್ಲ. ನನ್ನದು ಮಾತ್ರ ಆಗುತ್ತದೆ.

ನಮ್ಮ ಕಡೆ ಹೋಟೆಲಿನಲ್ಲಿ ಬಿಲ್ ಬಂದರೆ ಒಂದು ಸಣ್ಣ ಜಗಳ ಆಗಬೇಕು. ಗಲ್ಲಾದ ಎದುರು ಕೈ ಹಿಡಿದು ಎಳೆದಾಡಬೇಕು. ಸೋತವನು "ಮುಂದಿನ ಸಲ ನಂದು, ಮಾತಾಡ್ಬ್ಯಾಡ" ಅನ್ನಬೇಕು. ಹಾಗಂದ ಮೇಲೆ ಮುಂದಿನ ಸಲ ಅಂತ ಒಂದು ಇರಲೇಬೇಕಾಗುತ್ತದೆ, ಅಲ್ವಾ?

ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಆಚೆ ನಮ್ಮೂರಿನಲ್ಲಿ ನಾನು ಹುಡುಗನಾಗಿದ್ದಾಗ ಇದ್ದದ್ದು ಒಂದೇ ಜೀಪು. ಮಳೆಗಾಲದ ಒಂದು ರಾತ್ರಿ ಅಜ್ಜನಿಗೆ ಎದೆನೋವು ಬಂತು. ಜೀಪಿನ ಮನೆ ಅಣ್ಣ ಉಣ್ಣುತ್ತಾ ಕೂತವನು ಕೈ ತೊಳೆದು ಎದ್ದು ಬಂದ. ಹೊಸನಗರ, ನಗರ ದಾಟಿ, ಬಾಳೆಬರೆ ಘಾಟಿ ಇಳಿದು ಮಣಿಪಾಲಕ್ಕೆ. ಘಾಟಿಯಲ್ಲಿ ರಸ್ತೆಗಡ್ಡ ಕೊಂಬೆ ಬಿದ್ದಿತ್ತು. ಸೀಟಿನಡಿಯಿಂದ ಕತ್ತಿ ತೆಗೆದು ಕಡಿದು, ಮತ್ತೆ ಜೀಪು ಹತ್ತಿದ. ಡೀಸೆಲ್ ಎಷ್ಟಾಯಿತು ಅಂತ ಅಪ್ಪ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆದರೆ ಆ ವರ್ಷ ಅವರ ಮನೆಯ ಗದ್ದೆ ನಟ್ಟಿಗೆ ಅಮ್ಮ ಹೋದಳು. ನಮ್ಮ ಹಿತ್ತಲಲ್ಲಿ ಬಾಳೆಗೊನೆ ಹಣ್ಣಾದಾಗ ಎರಡು ಚಿಪ್ಪು ಅತ್ತ ಹೋಯಿತು. ಅವರ ಮಗಳ ಮದುವೆ ಚಪ್ಪರಕ್ಕೆ ಅಡಿಕೆ ಮರ ನಮ್ಮ ತೋಟದ್ದು. ಅದಕ್ಕೆ ಅವರು ಮತ್ತೇನೋ ಮಾಡಿದರು. ಅಜ್ಜ ಹೋಗಿ ಎಷ್ಟೋ ಕಾಲವಾಯಿತು. ಆ ರಾತ್ರಿಯ ಡೀಸೆಲ್ ಲೆಕ್ಕ ಇನ್ನೂ ಮುಗಿದಿಲ್ಲ. ಮುಗಿಯಬಾರದು ಅಂತಲೇ ನನ್ನ ವಾದ.

ಇದೆಲ್ಲ ಚೆನ್ನಾಗಿ ಕಾಣಬೇಕಾದರೆ ಅಡಿಕೆ ಸುಲಿಯುವ ರಾತ್ರಿಯಲ್ಲಿ ಒಂದು ಗಳಿಗೆ ಕೂರಬೇಕು. ದೀಪಾವಳಿ ಆಚೀಚೆ ಅಡಿಕೆ ಗೊನೆಯ ಕೊಯ್ಲು ಶುರುವಾದರೆ ಅಂಗಳದಲ್ಲಿ ಹಸಿ ಅಡಿಕೆಯ ರಾಶಿ. ಕೊಯ್ದದ್ದನ್ನು ಹೆಚ್ಚು ದಿನ ಇಡುವ ಹಾಗಿಲ್ಲ, ಸುಲಿದು ಬೇಯಿಸಲೇಬೇಕು. ಮನೆಯವರಷ್ಟೇ ಕೂತರೆ ಆಗುವ ಕೆಲಸವಲ್ಲ. ಹಾಗಾಗಿ ಸಂಜೆ ಉಂಡು ಕೇರಿಯವರು ಬರುತ್ತಿದ್ದರು, ಅವರವರ ಮೆಟ್ಟುಗತ್ತಿ ಹಿಡಿದುಕೊಂಡು. ಮಣೆಯನ್ನು ಕಾಲಲ್ಲಿ ಒತ್ತಿ ಕೂತರೆ ಅಲಗು ಎದುರಿಗೆ ನಿಲ್ಲುತ್ತದೆ. ಅಡಿಕೆಯನ್ನು ಅದಕ್ಕೆ ಒತ್ತಿ, ತಿರುಗಿಸಿ, ಸಿಪ್ಪೆ ಸೀಳಿ ಬಿಡಿಸಬೇಕು. ಪಳಗಿದವರು ಕೈ ನೋಡುವುದೇ ಇಲ್ಲ. ನಮ್ಮ ದೊಡ್ಡಮ್ಮ ಪಕ್ಕದವರ ಮುಖ ನೋಡುತ್ತಾ, ಇಡೀ ಸೀಮೆಯ ಸುದ್ದಿ ಹೇಳುತ್ತಾ ಸುಲಿಯುತ್ತಿದ್ದಳು. ಬಾಯಿ ನಿಂತರೆ ಕೈಯೂ ನಿಲ್ಲುತ್ತಿತ್ತು. ನನ್ನ ಹೆಬ್ಬೆರಳಲ್ಲಿ ಅಲಗು ತಾಗಿದ ಗುರುತು ಇನ್ನೂ ಇದೆ. ಚೊಗರು ಹತ್ತಿ ಬೆರಳು ಕಪ್ಪಾದರೆ ಯಾವ ಸೋಪಿಗೂ ಬಗ್ಗುವುದಿಲ್ಲ. ಶಾಲೆಯಲ್ಲಿ ಕೈ ನೋಡಿಯೇ ಯಾರ ಮನೆಯಲ್ಲಿ ಸುಲಿತ ಅಂತ ಗೊತ್ತಾಗುತ್ತಿತ್ತು. ನಡುರಾತ್ರಿ ಚಹಾ, ಒಗ್ಗರಣೆ ಅವಲಕ್ಕಿ, ಎಲೆ-ಅಡಿಕೆಯ ಕವಳ. ಯಕ್ಷಗಾನದ ಅರ್ಥ ಹೇಳುವವನೊಬ್ಬ ಸಿಕ್ಕಿದರೆ ಮುಗಿಯಿತು, ರಾಶಿ ಕರಗಿದ್ದೇ ಗೊತ್ತಾಗುತ್ತಿರಲಿಲ್ಲ.

ದುಡ್ಡಿಗೆ ಸುಲಿಯುವವರು ಬೇರೆ, ಅವರಿಗೆ ಸುಲಿದ ಡಬ್ಬಕ್ಕೆ ಇಷ್ಟು ಅಂತ ಲೆಕ್ಕ. ನಾನು ಹೇಳುತ್ತಿರುವುದು ಮುಯ್ಯಾಳಿನ ಮಾತು. ಇವತ್ತು ನಮ್ಮಲ್ಲಿಗೆ ಅವರ ಮನೆಯಿಂದ ಇಬ್ಬರು, ನಾಡಿದ್ದು ಅವರಲ್ಲಿಗೆ ನಮ್ಮಿಂದ ಇಬ್ಬರು. ಮಾತು ಬಿಟ್ಟ ಮನೆಯವರೂ ಮುಯ್ಯಿಗೆ ಬರುತ್ತಿದ್ದರು. ಗಡಿಬೇಲಿ ಜಗಳದಲ್ಲಿ ಮುಖ ತಿರುಗಿಸಿಕೊಂಡವರು ಒಂದೇ ಬಲ್ಬಿನ ಕೆಳಗೆ ಕೂತು, ಮೂರನೆಯವರ ಮೂಲಕ ಮಾತಾಡಿಕೊಂಡು, ಅರ್ಧ ರಾಶಿ ಮುಗಿಯುವ ಹೊತ್ತಿಗೆ ನೇರವಾಗಿ ಸುಣ್ಣ ಕೇಳುತ್ತಿದ್ದರು. ಪುಣೆಯ ನಮ್ಮ ಸೊಸೈಟಿಯಲ್ಲಿ ಪಾರ್ಕಿಂಗ್ ಜಗಳ ಆಡಿದ ಇಬ್ಬರಿದ್ದಾರೆ. ಅವರು ರಾಜಿಯಾಗುವುದಕ್ಕೆ ಕಾರಣವೇ ಇಲ್ಲ. ಯಾರಿಗೂ ಯಾರದ್ದೂ ಬಾಕಿ ಇಲ್ಲವಲ್ಲ.

ನನ್ನ ಹಳೇ ಗೆಳೆಯನೊಬ್ಬ ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆಯವನು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಆ ಸೀಮೆ ದ್ವೀಪದ ಹಾಗಾಯಿತು. ಹೊಳೆಬಾಗಿಲಿನಿಂದ ಲಾಂಚ್ ಹತ್ತಿಯೇ ಹೋಗಬೇಕಿತ್ತು. ಆ ಲಾಂಚ್ ನೋಡದವರಿಗೆ ಹೇಳಿದರೆ ನಂಬುವುದಿಲ್ಲ: ಜನ ತುಂಬಿದ ಬಸ್ಸು ನೀರಿನ ಮೇಲೆ ತೇಲಿಕೊಂಡು ಬರುತ್ತಿತ್ತು, ಪಕ್ಕದಲ್ಲಿ ಬೈಕು, ಸಿಗಂದೂರಿಗೆ ಹರಕೆ ಹೊತ್ತವರು, ಹಾಲಿನ ಕ್ಯಾನು. ನೀರು ಇಳಿದ ಬೇಸಿಗೆಯಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ಸಾಲಾಗಿ ಎದ್ದು ನಿಲ್ಲುತ್ತವೆ. ತೀರಾ ಇಳಿದ ವರ್ಷ ಹಳೇ ಮಡೆನೂರು ಅಣೆಕಟ್ಟೇ ಮೇಲೆ ಬರುತ್ತದೆ, ಜನ ಅದರ ಮೇಲೆ ನಡೆದಾಡಿ ಫೋಟೋ ತೆಗೆಸಿಕೊಳ್ಳುತ್ತಾರೆ. ಒಂದು ಅಣೆಕಟ್ಟನ್ನು ಇನ್ನೊಂದು ಅಣೆಕಟ್ಟು ನುಂಗಿದ್ದನ್ನು ಬೇರೆಲ್ಲಿ ನೋಡುತ್ತೀರಿ?

ಸಂಜೆಯ ಕೊನೇ ಲಾಂಚ್ ತಪ್ಪಿದರೆ ಗೆಳೆಯನ ಮನೆಯಲ್ಲೇ ಉಳಿಯಬೇಕಿತ್ತು. ನಿಜ ಹೇಳಬೇಕೆಂದರೆ ನಾವು ಬೇಕಂತಲೇ ತಪ್ಪಿಸುತ್ತಿದ್ದೆವು. ಅವನ ಅಮ್ಮ ಕೇಳುತ್ತಲೂ ಇರಲಿಲ್ಲ, ಇನ್ನೊಂದು ಲೋಟ ಅಕ್ಕಿ ಹೆಚ್ಚಿಗೆ ಹಾಕುತ್ತಿದ್ದರು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾಯಿತು. ಎರಡು ಕಿಲೋಮೀಟರಿಗೂ ಉದ್ದ, ಕೇಬಲ್ಲಿನಲ್ಲಿ ತೂಗಿದ್ದು. ಅಲ್ಲಿಯವರು ಇದಕ್ಕಾಗಿ ಎಷ್ಟು ಕಾದಿದ್ದರು ಅಂತ ಗೊತ್ತಿದೆ. ರಾತ್ರಿ ಹೆರಿಗೆ ನೋವು ಬಂದರೆ ನೀರಿನ ದಡದಲ್ಲಿ ನಿಲ್ಲಬೇಕಾದವರ ಮುಂದೆ ನಾನು ಲಾಂಚಿನ ಚಂದ ಹೇಳುವುದು ತಪ್ಪು. ಆದರೂ ಹೇಳಿಬಿಡುತ್ತೇನೆ: ಸೇತುವೆಯಾದ ಮೇಲೆ ಊರಿಗೆ ಹೋದಾಗ ಅವನ ಮನೆಗೆ ಕಾರಲ್ಲಿ ಹೋದೆ, ಕಾಫಿ ಕುಡಿದೆ, ಕತ್ತಲಾಗುವುದರೊಳಗೆ ವಾಪಸ್ ಬಂದೆ. ಉಳಿಯುವುದಕ್ಕೆ ನೆವ ಸಿಗಲಿಲ್ಲ.

ಇನ್ನು ನಮ್ಮೂರಿನ ಮೇಲಿರುವ ಸಿಟ್ಟನ್ನೂ ಹೇಳಬೇಕಲ್ಲ. ಬಾಕಿ ಲೆಕ್ಕದ ಊರಿನಲ್ಲಿ ಇಲ್ಲ ಅನ್ನುವ ಹಾಗಿಲ್ಲ. ರಜೆಗೆ ನಾಲ್ಕು ದಿನ ಬಂದರೆ ಮೂರು ದಿನ ಋಣ ತೀರಿಸುವ ಓಡಾಟವೇ ಆಗುತ್ತದೆ. ಅವರು ನಮ್ಮ ಗೃಹಪ್ರವೇಶಕ್ಕೆ ಬಂದಿದ್ದಾರೆ, ಇವರು ಅಪ್ಪನ ತಿಥಿಗೆ ಬಡಿಸಿದ್ದಾರೆ, ಹೋಗದಿದ್ದರೆ ಹೇಗೆ? ಬಾಯಲ್ಲಿ ಯಾರೂ ಲೆಕ್ಕ ಹೇಳುವುದಿಲ್ಲ ನಿಜ. ಆದರೆ ಯಾವ ಮನೆಯಿಂದ ಎಷ್ಟು ಆಳು ಬಂದಿತ್ತು, ಅದರಲ್ಲಿ ಒಂದು ಅರೆ ಆಳು, ಹತ್ತು ವರ್ಷದ ಹುಡುಗ, ಅನ್ನುವುದು ಅಮ್ಮನಿಗೆ ಇವತ್ತಿಗೂ ಬಾಯಿಪಾಠ. ಪುಣೆಯವರ ಮೊಬೈಲಿಗೂ ಅಷ್ಟು ನೆನಪಿರಲಿಕ್ಕಿಲ್ಲ. ಮತ್ತೆ ತೀರಿಸಬೇಕಾದ ಕಡೆ ಚುಕ್ತಾ ಆಗುವುದೇ ಇಲ್ಲ. ಶರಾವತಿಯ ನೀರಿಗೆ ಊರು ಬಿಟ್ಟು ಎದ್ದುಹೋದವರಲ್ಲಿ ಎಷ್ಟೋ ಮನೆಗಳು 60 ವರ್ಷ ದಾಟಿದರೂ ಹಕ್ಕುಪತ್ರಕ್ಕೆ ಕಾಯುತ್ತಿವೆ. ಅವರ ಎದುರು ನಿಂತು, ಲೆಕ್ಕ ಬಾಕಿ ಇದ್ದರೆ ಸಂಬಂಧ ಉಳಿಯುತ್ತದೆ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದಿದೆ. ಇದನ್ನು ಬರೆಯುವುದು ಬೇಡ ಅಂತಲೇ ಇದ್ದೆ. ಮುಯ್ಯಾಳು ನಡೆದದ್ದು ತೋಟ ಇದ್ದವರ ನಡುವೆ. ತೋಟ ಇಲ್ಲದವನಿಗೆ ಮುಯ್ಯಿ ತೀರಿಸಲು ಯಾರು ಎಲ್ಲಿಗೆ ಹೋಗಬೇಕು? ಅವನ ಲೆಕ್ಕ ಒಡೆಯರ ಪುಸ್ತಕದಲ್ಲಿ ಬಾಕಿ ಉಳಿಯುತ್ತಿತ್ತು, ಬಾಕಿ ಇದ್ದಷ್ಟು ದಿನ ಅವನು ಆ ಅಂಗಳ ಬಿಟ್ಟು ಏಳುವ ಹಾಗಿರಲಿಲ್ಲ. ನಮ್ಮ ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ತಿರುಗಿ ನಿಂತದ್ದು ಕೊಳಗದ ಅಳತೆಗೆ. ಗೇಣಿ ಭತ್ತ ಅಳೆಯುವ ಒಡೆಯರ ಕೊಳಗ ದೊಡ್ಡದಿತ್ತು. ಸರಿಯಾದ ಕೊಳಗದಲ್ಲಿ ಅಳೆಯಿರಿ ಅಂದರು, ಅಷ್ಟೇ. ಅದಕ್ಕೆ ಜೈಲು ಕಂಡರು. ಸಮಾಜವಾದಿ ನಾಯಕ ಲೋಹಿಯಾ ಬಂದರು, ಅವರನ್ನೂ ಹಿಡಿದರು. ಉಳುವವನಿಗೆ ಭೂಮಿ ಅಂತ 1974ರ ಕಾನೂನು ಬಂದದ್ದು ಎಷ್ಟೋ ವರ್ಷ ಆದ ಮೇಲೆ. ಆ ಮನೆಗಳಿಂದ ಬಂದವನೊಬ್ಬ ಪುಣೆಯಲ್ಲಿ ನನಗೆ ಪರಿಚಯ. ಅವನಿಗೆ ಟಿಟಿಎಂಎಂ ಬಹಳ ಇಷ್ಟ. "ತಿಂದಿದ್ದಕ್ಕೆ ಕೊಟ್ಟೆ, ಎದ್ದು ಬಂದೆ. ಯಾರ ಮುಲಾಜೂ ಇಲ್ಲ. ನಿಮಗೆ ಅದ್ರ ಬೆಲೆ ಗೊತ್ತಾಗಲ್ಲ ಬಿಡಿ" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಆ ದಿನದ ಚಹಾದ ದುಡ್ಡು ಅವನದ್ದು ಅವನೇ ಕೊಟ್ಟ.

ಅದೂ ಅಲ್ಲದೆ ನಾನು ಹೊಗಳುತ್ತಿರುವ ಊರು ಅಲ್ಲಿಯೂ ಈಗ ಕಮ್ಮಿ. ಮನೆಮನೆಯಲ್ಲೂ ವಯಸ್ಸಾದವರಿಬ್ಬರು. ಸುಲಿಯುವ ಮಷಿನ್ ಬಂದಿದೆ. ಎಷ್ಟೋ ಜನ ಫಸಲನ್ನೇ ಚೇಣಿಗೆ ಕೊಡುತ್ತಾರೆ. ಚೇಣಿಯವನು ಆಳು ತಂದು ಕೊಯ್ದು ಒಯ್ಯುತ್ತಾನೆ, ಕ್ವಿಂಟಾಲ್ ಹಸಿ ಅಡಿಕೆಗೆ ಇಂತಿಷ್ಟು ಕೆಜಿ ಒಣ ಅಡಿಕೆ ಅಂತ ತೂಗಿ ಕೊಡುತ್ತಾನೆ. ನಮ್ಮ ಮನೆಯದ್ದೂ ಚೇಣಿಯೇ. ಅಂಗಳಕ್ಕೆ ಯಾರೂ ಬರುವುದಿಲ್ಲ, ಅಮ್ಮ ಟಿವಿ ಹಾಕಿಕೊಂಡು ಕೂರುತ್ತಾಳೆ. ಅಲ್ಲಿ ಲೆಕ್ಕ ಚುಕ್ತಾ ಆಗುತ್ತಿರುವಾಗ ಪುಣೆಯಲ್ಲಿ ಕೂತು ನಾನು ಪಕ್ಕದ ಮನೆಯವರನ್ನು ಬೈಯುತ್ತಿದ್ದೇನೆ.

ತುಮರಿಯ ಗೆಳೆಯ ಮಾತ್ರ ಇನ್ನೂ ಚೇಣಿಗೆ ಕೊಟ್ಟಿಲ್ಲ. ಮೊನ್ನೆ ಫೋನ್ ಮಾಡಿ ಕೊಯ್ಲಿನ ದಿನ ಹೇಳಿದ. ಮಷಿನ್ ತರಿಸ್ತೀಯಾ ಅಂತ ಕೇಳಿದೆ.

"ಮಷಿನ್ ಎಂತಕ್ಕೆ, ನೀನಿದೀಯಲ್ಲ ಮಾರಾಯ. ನಿಮ್ಮಪ್ಪ ಬಿದ್ದ ವರ್ಷ ನಾನು ನಿಮ್ಮಲ್ಲಿಗೆ ಎಷ್ಟು ರಾತ್ರಿ ಬಂದಿದ್ದೆ, ನೆನಪಿದ್ಯನಾ?" ಅಂದ.

ನೆನಪಿದೆ. ರಜೆಗೆ ಅರ್ಜಿ ಹಾಕಿದ್ದೇನೆ.