ಕುಕ್ಕರ್ ತಗೊಳ್ಳುವಾಗ ಮೊದಲು ಮುಚ್ಚಳ ನೋಡಿ

ಹೊಸ ಕುಕ್ಕರ್ ಯಾವುದು ತಗೊಳ್ಳೋದು ಅಂತ ಯಾರು ಕೇಳಿದರೂ ನಾನು ಹೇಳುವುದು ಇಷ್ಟೇ. ಹೊಳಪು ನೋಡಬೇಡಿ, ಮುಚ್ಚಳ ತೆಗೆದು ಕೈಯಲ್ಲಿ ಹಿಡಿದು ನೋಡಿ. ಪಾತ್ರೆ ವರ್ಷಗಟ್ಟಲೆ ಬಾಳುತ್ತದೆ. ಕೈಕೊಡುವುದು ಹೆಚ್ಚಾಗಿ ಗ್ಯಾಸ್ಕೆಟ್, ವೆಯ್ಟ್, ಸೇಫ್ಟಿ ವಾಲ್ವ್, ಇಲ್ಲಾಂದ್ರೆ ಹಿಡಿಯ ಸ್ಕ್ರೂ.

ಆವಿ ಹೊರಗೆ ಹೋಗದಂತೆ ತಡೆದರೆ ಒತ್ತಡ ಏರುತ್ತದೆ, ಆಗ 100 ಡಿಗ್ರಿಗೆ ಕುದಿಯುವ ನೀರು ಸುಮಾರು 120 ಡಿಗ್ರಿ ತನಕ ಬಿಸಿಯಾಗುತ್ತದೆ, ಅದಕ್ಕೇ ಗಟ್ಟಿ ಕಾಳೂ ಬೇಗ ಬೇಯುವುದು. ಅಷ್ಟು ಒತ್ತಡವನ್ನು ಹಿಡಿದಿಡುವುದು ಗ್ಯಾಸ್ಕೆಟ್ ಅನ್ನುವ ಒಂದು ರಬ್ಬರ್ ಉಂಗುರ! 1679ರಲ್ಲಿ ಇಂಥ ಪಾತ್ರೆಯನ್ನು ಮೊದಲು ಮಾಡಿದ ಡೆನಿಸ್ ಪಾಪಿನ್ ಅದಕ್ಕೆ ಸೇಫ್ಟಿ ವಾಲ್ವ್ ಕೂಡ ಯೋಚಿಸಿದ್ದ. ನಾವು ಮಾತ್ರ ಬಣ್ಣ, ಆಕಾರ ನೋಡಿ ಬಿಲ್ ಮಾಡಿಸಿಬಿಡುತ್ತೇವೆ.

ಆದ್ದರಿಂದ ಅಂಗಡಿಯಲ್ಲೇ ಕೇಳಿ: ಇದೇ ಮಾಡೆಲ್‌ನ ಗ್ಯಾಸ್ಕೆಟ್, ವಾಲ್ವ್ ಬಿಡಿಯಾಗಿ ಸಿಗುತ್ತಾ? ರಬ್ಬರ್ ಬಿಸಿಗೆ ಗಟ್ಟಿಯಾಗಿ ಬಿರುಕು ಬಿಡುವುದು ಸಹಜ, ಬದಲಾಯಿಸಲೇಬೇಕು. ಹೆಚ್ಚುಕಡಿಮೆ ಅದೇ ಅಳತೆಯದು ಅಂತ ಬೇರೆ ಕಂಪನಿಯದನ್ನು ಹಾಕಿದರೆ ಪಕ್ಕದಲ್ಲೆಲ್ಲ ಆವಿ ಸೋರುತ್ತದೆ, ಕುಕ್ಕರ್ ಕೂಗುವುದೇ ಇಲ್ಲ. ಬಿಡಿಭಾಗ ಸಿಗದೆ ಗಟ್ಟಿಮುಟ್ಟಾದ ಕುಕ್ಕರ್ ಅಟ್ಟ ಸೇರುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಒಳಮುಚ್ಚಳವೋ ಹೊರಮುಚ್ಚಳವೋ? ನನ್ನ ಓಟು ಒಳಮುಚ್ಚಳಕ್ಕೆ. ಒಳಗಿನ ಒತ್ತಡವೇ ಮುಚ್ಚಳವನ್ನು ಬಾಯಿಯ ಅಂಚಿಗೆ ಒತ್ತಿ ಹಿಡಿಯುತ್ತದೆ, ಒತ್ತಡ ಇಳಿಯದೆ ಅದು ಕೆಳಗೆ ಜಾರುವುದಿಲ್ಲ. ಅವಸರದಲ್ಲಿ ತೆಗೆಯೋಣ ಅಂದರೂ ಆಗಲ್ಲ. ಹೊರಮುಚ್ಚಳದ್ದರಲ್ಲಿ ಬಾಯಿ ಅಗಲ, ಒಳಗೆ ಪಾತ್ರೆ ಇಡಲು, ತೊಳೆಯಲು ಸುಲಭ, ಅದು ಬೇಕೇ ಅನ್ನುವವರು ಒತ್ತಡ ಇರುವಾಗ ತೆರೆಯದಂತೆ ಲಾಕ್ ಇದೆಯಾ ಅಂತ ಖಚಿತಪಡಿಸಿಕೊಳ್ಳಿ.

ಅಳತೆಯ ವಿಷಯದಲ್ಲಂತೂ ತುಂಬಾ ಜನ ಏಮಾರುತ್ತಾರೆ. 5 ಲೀಟರ್ ಅಂದರೆ ಕಂಠದ ತನಕ ತುಂಬಿದಾಗಿನ ಲೆಕ್ಕ. ತುಂಬಬೇಕಾದದ್ದು ಮೂರರಲ್ಲಿ ಎರಡು ಭಾಗ ಮಾತ್ರ, ನೊರೆ ಬಂದು ಉಬ್ಬುವ ಬೇಳೆಕಾಳಾದರೆ ಅರ್ಧವೇ, ಅಂದರೆ ನೀರೂ ಸೇರಿ ಎರಡೂವರೆ ಲೀಟರ್. ಅದಕ್ಕಿಂತ ಜಾಸ್ತಿ ಹಾಕಿದರೆ ನೊರೆ ಮೇಲೆ ಬಂದು ಆವಿಯ ತೂತು ಕಟ್ಟಿಕೊಳ್ಳಬಹುದು, ಅಪಾಯ ಇರುವುದೇ ಅಲ್ಲಿ.

ಲೋಹದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಲ್ಯುಮಿನಿಯಂ ಹಗುರ, ಬೇಗ ಕಾಯುತ್ತದೆ, ಆದರೆ ಹುಳಿ ಬೇಯಿಸುವುದು ಜಾಸ್ತಿ ಇದ್ದರೆ ಸ್ಟೀಲೇ ಒಳ್ಳೆಯದು. ಸ್ಟೀಲಿನ ತಳ ತೆಳ್ಳಗಿದ್ದರೆ ತಳ ಹಿಡಿಯುತ್ತದೆ, ನಡುವೆ ಅಲ್ಯುಮಿನಿಯಂ ಪದರ ಇರುವ ದಪ್ಪ ತಳದ್ದು ನೋಡಿ. ಇಂಡಕ್ಷನ್ ಒಲೆ ಇದ್ದರೆ ತಳಕ್ಕೆ ಅಯಸ್ಕಾಂತ ಅಂಟಬೇಕು.

ಇನ್ನೊಂದು ಮಾತು. ದಿನಾ ಅಡುಗೆ ಮಾಡುವವರೇ ಅಂಗಡಿಗೆ ಹೋಗಲಿ, ಮುಚ್ಚಳವನ್ನು ನಾಲ್ಕಾರು ಸಲ ಹಾಕಿ ತೆಗೆದು ನೋಡಲಿ. ಮಣಿಕಟ್ಟು ನೋಯುವವರಿಗೆ ಬಿಗಿ ಹಿಡಿ ದಿನಾ ಶಿಕ್ಷೆ. ತುಂಬಿದಾಗ ಎತ್ತಲು ಎರಡೂ ಕಡೆ ಹಿಡಿ ಇರುವುದೇ ವಾಸಿ.